ಅಮಾವಾಸ್ಯೆಯ ಅಪ್‌ಡೇಟ್

ಅದು ಕೆಡಲು ಶುರುವಾದದ್ದು ಮಧ್ಯಾಹ್ನ ಹನ್ನೆರಡೂಕಾಲಿಗೆ. ಆ ಹೊತ್ತಿಗೆ ನಾನು ರಾಯಚೂರಿನ ನಮ್ಮ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕಾಯಿ ಒಡೆದು, ಹೋಳುಗಳನ್ನು ಕೀಬೋರ್ಡಿನ ಅತ್ತಿತ್ತ ಇಟ್ಟು, ಕರ್ಪೂರ ಬೆಳಗಿ, ಅಪ್‌ಡೇಟ್ ಒತ್ತಿದೆ. ಅದೇ ಹೊತ್ತಿಗೆ ದೇವದುರ್ಗ ತಾಲೂಕಿನ ಹೊಳೆ ದಂಡೆಯಲ್ಲಿ ಮಲ್ಲಪ್ಪ ಒತ್ತಿದ, ಮಾನವಿಯಲ್ಲಿ ಸುಜಾತಾ ಟೀಚರು ಒತ್ತಿದರು. ಕೆಟ್ಟದ್ದು ಆಗಲೇ. ನಮಗೆ ಗೊತ್ತಾಗುವಷ್ಟರಲ್ಲಿ ನಾಲ್ಕು ಹೊಡೆದಿತ್ತು.

ಮೊನ್ನೆ ಸ್ಟೇಷನ್ ರಸ್ತೆಯ ಒಂದು ಮೊಬೈಲ್ ಅಂಗಡಿಗೆ ಚಾರ್ಜರ್ ಕೊಳ್ಳಲು ಹೋಗಿದ್ದೆ. ಅಮಾವಾಸ್ಯೆ. ಮಾಲೀಕ ಗಲ್ಲಾದ ಮೇಲಿನ ಯಂತ್ರಗಳಿಗೆಲ್ಲ ಕುಂಕುಮ ಇಟ್ಟು, ಕಾಯಿ ಒಡೆದು, ಕರ್ಪೂರ ಹಚ್ಚಿದ್ದ. ಬಿಸಿಯಾದ ಪ್ಲಾಸ್ಟಿಕ್ಕು, ಕರ್ಪೂರ, ಎಳಸು ಕಾಯಿನೀರು ಮೂರೂ ಸೇರಿದ ಆ ವಾಸನೆ ಮೂಗಿಗೆ ಬಡಿದದ್ದೇ ನಾನು ತಿರುಗಿ ನಡೆದೆ. ಚಾರ್ಜರ್ ಕೊಳ್ಳದೆ ಹೊರಗೆ ಬಂದು ಬಿಸಿಲಿನಲ್ಲಿ ನಿಂತೆ. ಹೋದ ವರ್ಷದ ನಾಗರ ಅಮಾವಾಸ್ಯೆಯ ದಿನವೂ ಹೀಗೇ ಬಿಸಿಲಿತ್ತು.

ನಾವು ಮೂವರು ಹೊಳೆ ಕಾಯುವವರು. ಸಂಬಳದ ಕೆಲಸ ಬೇರೆ ಇದೆ. ಇದು ಸ್ವಂತ ಇಚ್ಛೆಯದು. ದೇವದುರ್ಗದ ಉತ್ತರಕ್ಕೆ ಕೃಷ್ಣೆ, ಮಾನವಿಯ ದಕ್ಷಿಣಕ್ಕೆ ತುಂಗಭದ್ರೆ. ಎರಡೂ ಕಡೆ ನೀರಿನ ಮಟ್ಟ ಅಳೆಯುವ ಒಂದೊಂದು ಸೆನ್ಸರ್, ಅದಕ್ಕೊಂದು ಸಣ್ಣ ಕಂಪ್ಯೂಟರ್, ಬ್ಯಾಟರಿ, ಮೇಲೊಂದು ಸೈರನ್. ನಡುವೆ ರಾಯಚೂರಿನಲ್ಲಿ ನನ್ನ ಕಂಪ್ಯೂಟರು ಎರಡೂ ಕಡೆಯ ಲೆಕ್ಕ ತರಿಸಿಕೊಂಡು ಪರದೆಯ ಮೇಲೆ ಗೆರೆ ಎಳೆಯುತ್ತದೆ. ನೀರು ಗುರುತು ದಾಟಿದರೆ ದಂಡೆಯ ಸೈರನ್ ಕೂಗಬೇಕು. ಹೊಳೆಯ ನಡುಗಡ್ಡೆಯಲ್ಲಿ ಕುರಿ ಬಿಟ್ಟುಕೊಂಡಿರುವವರಿಗೆ ಫೋನಿನ ನೆಟ್‌ವರ್ಕ್ ಸಿಗುವುದಿಲ್ಲ. ಅವರಿಗಾಗಿಯೇ ಆ ಕೂಗು. ಅವರು ಅದನ್ನು ‘ಕೂಗು’ ಎಂದೇ ಕರೆಯುತ್ತಿದ್ದರು.

ಮೂರೂ ಕಂಪ್ಯೂಟರುಗಳಲ್ಲಿ ಲಿನಕ್ಸ್ ಇತ್ತು, ಆದರೆ ಮೂರು ಬಗೆಯದು. ಲಿನಕ್ಸ್ ಯಾರದೋ ಒಬ್ಬರ ಸೊತ್ತಲ್ಲ. ತಿರುಳು ಒಂದೇ, ಅದನ್ನು ತಂದು, ತಮಗೆ ಸರಿ ಕಂಡಂತೆ ಜೋಡಿಸಿ ಹಂಚುವ ಗುಂಪುಗಳು ಜಗತ್ತಿನಲ್ಲಿ ನೂರಾರು. ಹಾಗೆ ಜೋಡಿಸಿದ ಒಂದೊಂದಕ್ಕೂ ಡಿಸ್ಟ್ರೋ ಎನ್ನುತ್ತಾರೆ. ಒಂದೇ ಜೋಳ, ಮನೆಗೊಂದು ರೊಟ್ಟಿ. ನಮ್ಮವುಗಳ ನಿಜವಾದ ಹೆಸರು ಇಲ್ಲಿ ಬೇಡ, ಏಕೆಂದರೆ ತಪ್ಪು ಅವುಗಳದ್ದಲ್ಲ. ನಾವು ಇಟ್ಟುಕೊಂಡಿದ್ದ ಅಡ್ಡ ಹೆಸರುಗಳೇ ಸಾಕು.

ಮಲ್ಲಪ್ಪನದು ಬಿಸಿ ರೊಟ್ಟಿ. ಅವನು ಅರಕೇರಾದ ಕುರಿಗಾರರ ಮನೆಯವನು, ಎಂಜಿನಿಯರಿಂಗ್ ಓದಿದವನು, ಊರೂರಿಗೆ ಸೋಲಾರ್ ಪಂಪು ಕೂರಿಸುವ ಕೆಲಸ. ಜಗತ್ತಿನ ಯಾವ ಮೂಲೆಯಲ್ಲಿ ಏನು ಹೊಸದು ಬಂದರೂ ಅವನ ಡಿಸ್ಟ್ರೋ ಅದನ್ನು ಬಿಸಿಬಿಸಿಯಾಗಿ ಬಡಿಸುತ್ತಿತ್ತು. ಸುಜಾತಾ ಟೀಚರದು ಕಟಕ ರೊಟ್ಟಿ, ಒಣಗಿಸಿಟ್ಟು ದಿನಗಟ್ಟಲೆ ತಿನ್ನುವಂಥದು. ಅವರು ಮಾನವಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾರೆ. ಕೂಲಿ ಮಾಡಿ ಮಗಳನ್ನು ಓದಿಸಿದ ಬೌದ್ಧ ಮನೆತನ. ಅವರ ಡಿಸ್ಟ್ರೋ ಹೊಸದನ್ನು ಮುಟ್ಟುವ ಮೊದಲು ತಿಂಗಳುಗಟ್ಟಲೆ ಪರೀಕ್ಷಿಸುತ್ತದೆ. ಒಮ್ಮೆ ಸರಿ ಎಂದರೆ ವರ್ಷಗಟ್ಟಲೆ ಕೆಡುವುದಿಲ್ಲ. ನನ್ನದಕ್ಕೆ ಮಲ್ಲಪ್ಪ ಇಟ್ಟ ಹೆಸರು ಹೆಪ್ಪು. ಅಪ್‌ಡೇಟಿಗೆ ಮೊದಲು ಅದು ಇದ್ದ ಸ್ಥಿತಿಯದೊಂದು ನಕಲನ್ನು ತೆಗೆದಿಟ್ಟುಕೊಳ್ಳುತ್ತದೆ. ಹೊಸದು ಕೆಟ್ಟರೆ ಆ ನಕಲಿನಿಂದ ನಿನ್ನೆಯ ಸ್ಥಿತಿಗೆ ಮರಳಬಹುದು, ನಾಳೆಯ ಮೊಸರಿಗೆ ನಿನ್ನೆಯದನ್ನು ಒಂದು ಚಮಚ ಎತ್ತಿಟ್ಟ ಹಾಗೆ.

ತಿಂಗಳಿಗೊಮ್ಮೆ ಮೂವರೂ ರಾಯಚೂರಿನಲ್ಲಿ ಸೇರುತ್ತಿದ್ದೆವು. ಸೇರಿದಾಗ ಕೆಲಸಕ್ಕಿಂತ ಜಗಳ ಹೆಚ್ಚು.

“ಟೀಚರ್, ನಿಮ್ಮ ಡಿಸ್ಟ್ರೋ ಇವತ್ತರ ಎದ್ದಾದೇನ್ರೀ? ಇಲ್ಲಾ, ಇನ್ನಾ ಹಲ್ಲು ತಿಕ್ಕಾಕತ್ತಾದೋ?” ಎಂದು ಮಲ್ಲಪ್ಪ ಶುರು ಮಾಡುತ್ತಿದ್ದ.

“ನಿಂದು ಹಲ್ಲು ತಿಕ್ಕದಾ ಊಟಕ್ಕ ಕುಂದರ್ತದಲ್ಲೋ ತಮ್ಮಾ, ಅದಕ್ಕ ವಾಸನಿ ಹೊಡ್ಯಾಕತ್ತಾದ,” ಎಂದು ಅವರು.

“ಅಕ್ಕಾರ, ನೀವರ ಹೇಳ್ರಿ. ಯಾರದು ಚಲೋ?”

ಅವನು ನನ್ನ ಕಡೆ ತಿರುಗಿದರೆ ನನ್ನ ಉತ್ತರ ಯಾವಾಗಲೂ ಒಂದೇ: “ಅವರವರ ಮನೆದೇವರು ಅವರವರಿಗೆ.” ಇಬ್ಬರೂ ನಗುತ್ತಿದ್ದರು. ಬಹಳ ಸಮತೂಕದ ಮಾತು ಆಡಿದೆ ಎಂದು ನನಗೆ ಒಳಗೊಳಗೆ ಹೆಮ್ಮೆ. ಮೂವರಲ್ಲಿ ಹಿರಿಯಳು ನಾನು.

ಅಮಾವಾಸ್ಯೆಯ ದಿನವೇ ಅಪ್‌ಡೇಟ್ ಮಾಡುವ ಪದ್ಧತಿ ಹೇಗೆ ಬಂತೆಂದರೆ, ನಮ್ಮ ಕಡೆ ಅಂಗಡಿ, ಗಾಡಿ, ಗಿರಣಿ ಎಲ್ಲಕ್ಕೂ ಅಮಾವಾಸ್ಯೆಗೆ ಪೂಜೆ. ಅಂದು ಯಂತ್ರ ನಿಲ್ಲಿಸಿ, ಧೂಳು ಹೊಡೆದು, ಒರೆಸುತ್ತಾರೆ. ಹೇಗೂ ಕಂಪ್ಯೂಟರ್ ನಿಲ್ಲಿಸುತ್ತೇವಲ್ಲ, ಅದೇ ದಿನ ಅಪ್‌ಡೇಟೂ ಆಗಿಬಿಡಲಿ ಎಂದು ಮಲ್ಲಪ್ಪ ಹೇಳಿದ್ದ. “ನಾವು ಕಾಯಿ ಒಡ್ಯಂಗಿಲ್ರೀ, ಧೂಳ ಮಾತ್ರ ಹೊಡೀತೀವಿ,” ಎಂದು ನಗುತ್ತ ಸುಜಾತಾ ಟೀಚರೂ ಒಪ್ಪಿದ್ದರು. ಮೂರೂ ಕಡೆ ಒಂದೇ ಹೊತ್ತಿಗೆ ಯಂತ್ರ ನಿಂತು ಏಳುವಾಗ ನನ್ನ ಪರದೆಯ ಮೇಲೆ ‘ಲೆಕ್ಕ ಬರುತ್ತಿಲ್ಲ’ ಎಂಬ ಎಚ್ಚರಿಕೆಗಳು ಸುಮ್ಮಸುಮ್ಮನೆ ಕಿರುಚುತ್ತಿದ್ದವು. ಅದಕ್ಕೆ ಆ ಒಂದು ದಿನ ಸಂಜೆಯವರೆಗೆ ಅವುಗಳ ಬಾಯಿ ಮುಚ್ಚಿಸಿಡುತ್ತಿದ್ದೆ.

ಆ ನಾಗರ ಅಮಾವಾಸ್ಯೆಯ ಹಿಂದಿನ ತಿಂಗಳ ಸಭೆಯಲ್ಲಿ ಸುಜಾತಾ ಟೀಚರು ಒಂದು ಮಾತು ಎತ್ತಿದ್ದರು. “ಅಲ್ರೀ, ಮೂರೂ ಕಡೆ ಒಂದಾ ದಿನ ಯಾಕ ಮಾಡಬೇಕು? ನಮ್ಮ ಡಿಸ್ಟ್ರೋದವ್ರು ಮೊದಲು ಒಂದು ಕಡೆ ಹಾಕಿ, ನಡೀತಾದೋ ಇಲ್ಲೋ ನೋಡಿ, ಆಮ್ಯಾಲ ಎಲ್ಲಾರಿಗೆ ಕೊಡ್ತಾರ. ನಾವೂ ಹಂಗ ಮಾಡೂಣು. ಹೊಳಿ ತುಂಬೂ ತಿಂಗಳ ಇದು.”

“ಟೀಚರು ರೊಟ್ಟಿ ಹಳಸಿದ ಮ್ಯಾಗ ತಿನ್ನೂಣು ಅಂತಾರ ನೋಡ್ರಿ,” ಎಂದ ಮಲ್ಲಪ್ಪ.

ನಾನು ನಕ್ಕೆ. ಅಷ್ಟೇ. ಆ ನಗೆಯಿಂದಲೇ ಮಾತು ಮುಗಿಯಿತು. ಟೀಚರು ಬ್ಯಾಗಿನ ಜಿಪ್ ಎಳೆದುಕೊಂಡು ಮಾನವಿ ಬಸ್ಸಿಗೆ ಹೋದರು.

ನಾಗರ ಅಮಾವಾಸ್ಯೆಯಂದು ರಾಯಚೂರಿನಲ್ಲಿ ಒಂದು ಹನಿ ಮಳೆಯಿರಲಿಲ್ಲ. ನಮ್ಮ ಹೊಳೆಗಳ ರೀತಿಯೇ ಹಾಗೆ. ಮಳೆ ಬೀಳುವುದು ದೂರದ ಘಟ್ಟದಲ್ಲಿ, ಅಣೆಕಟ್ಟಿನ ಗೇಟು ತೆರೆಯುವುದು ಮೇಲೆಲ್ಲೋ, ನೀರು ಬರುವುದು ಸುಡುವ ಬಿಸಿಲಿನಲ್ಲಿ ನಮ್ಮ ಬಾಗಿಲಿಗೆ. ಗೇಟು ತೆರೆಯುತ್ತಾರೆಂದು ಬೆಳಿಗ್ಗೆಯೇ ಸುದ್ದಿಯಿತ್ತು. ದಂಡೆಯ ಹಳ್ಳಿಗಳಲ್ಲಿ ಡಂಗುರ ಸಾರಿದ್ದರು. ನನಗೆ ದಿಗಿಲಾಗಲಿಲ್ಲ. ನಮ್ಮ ಸೆನ್ಸರ್ ಇತ್ತಲ್ಲ.

ಅಪ್‌ಡೇಟ್ ಮುಗಿದ ಮೇಲೆ ನೋಡಿದೆ. ಮಾನವಿಯ ಗೆರೆ ಸಣ್ಣಗೆ ನಡುಗುತ್ತ ಮೇಲೆ ಕೆಳಗೆ ಆಡುತ್ತಿತ್ತು. ದೇವದುರ್ಗದ ಗೆರೆ ನೆಟ್ಟಗೆ ಹೋಗುತ್ತಿತ್ತು. ಕೃಷ್ಣೆ ಶಾಂತವಾಗಿದೆ ಎಂದುಕೊಂಡೆ. ಮನೆಗೆ ಹೋಗಿ ಕಡುಬು ತಿಂದು ಬಂದು ಮತ್ತೆ ನೋಡಿದೆ. ಅದೇ ನೆಟ್ಟನೆಯ ಗೆರೆ. ಅದನ್ನು ನೋಡಿದಾಗ ನನಗಾದದ್ದು ನೆಮ್ಮದಿ. ಇದನ್ನು ನಾನು ಯಾರ ಮುಂದೆಯೂ ಸುಲಭವಾಗಿ ಹೇಳಲಾರೆ. ನೆಮ್ಮದಿಯೇ ಆಯಿತು.

ನಾಲ್ಕಕ್ಕೆ ಸುಜಾತಾ ಟೀಚರ ಫೋನು.

“ಅಕ್ಕಾರ, ದೇವದುರ್ಗದ ಗೆರಿ ನೋಡೀರೇನ್ರೀ?”

“ನೋಡಿದೆ. ಅಲುಗಾಡದೆ ನಿಂತಿದೆ.”

“ಅದಾ ಅಂತೀನಿ. ಸ್ಕೇಲ್ ಇಟ್ಟು ಎಳದಂಗ ಅದ. ಹರಿಯೂ ಹೊಳಿ ಹಂಗ ಇರ್ತದೇನ್ರೀ?”

ಆ ಪ್ರಶ್ನೆ ಕೇಳಿದ ಮೇಲೆ ಪರದೆಯ ಕಡೆ ನೋಡಿದ ನನಗೆ ಆದದ್ದನ್ನು ಹೇಗೆ ಹೇಳಲಿ? ಅದು ಹೊಳೆಯಲ್ಲ, ಹನ್ನೆರಡೂಕಾಲಿಗೆ ನಿಂತುಹೋದ ಒಂದು ಅಂಕಿ. ಸೆನ್ಸರಿನ ತಂತಿ ಕಂಪ್ಯೂಟರಿಗೆ ಸೇರುವಲ್ಲಿ ಒಂದು ಅಗ್ಗದ ಅಡಾಪ್ಟರ್ ಇತ್ತು. ಹೊಸ ಅಪ್‌ಡೇಟಿನ ನಂತರ ಯಂತ್ರ ಅದನ್ನು ಗುರುತಿಸಿರಲಿಲ್ಲ. ಲೆಕ್ಕ ಬರುವುದು ನಿಂತಿತು, ಲೆಕ್ಕವಿಲ್ಲದೆ ಸೈರನ್ ಕೂಗಲಾರದು. ಲೆಕ್ಕ ಬಾರದಿದ್ದರೆ ಕೊನೆಯ ಅಂಕಿಯನ್ನೇ ಎಳೆಯುತ್ತ ಹೋಗುವಂತೆ ಪ್ರೋಗ್ರಾಂ ಬರೆದವರು ನಾವೇ. ‘ಬರುತ್ತಿಲ್ಲ’ ಎಂದು ಕೂಗಬೇಕಾದ ಎಚ್ಚರಿಕೆಯ ಬಾಯಿ ಮುಚ್ಚಿಸಿದವಳು ನಾನೇ.

ಮಲ್ಲಪ್ಪನಿಗೆ ಫೋನ್ ಮಾಡಿದೆ. ಅವನು ಅರಕೇರಾದಲ್ಲಿ ಹಬ್ಬದ ಊಟ ಮಾಡಿ ಕೂತಿದ್ದ. ನಾನು ಹೇಳಿ ಮುಗಿಸುವ ಮೊದಲೇ ಅವನ ದನಿ ಇಳಿಯಿತು.

“ಅಕ್ಕಾರ, ಕಾಕಾ ಗಡ್ಡ್ಯಾಗ ಅದಾನ.”

ಅವನ ಕಾಕಾ ಬೀರಪ್ಪ ಮತ್ತು ಕಾಕಿ ಲಕ್ಷ್ಮವ್ವ ಕುರಿ ಮಂದೆಯೊಂದಿಗೆ ನಡುಗಡ್ಡೆಯಲ್ಲಿದ್ದರು. ಬೇಸಿಗೆ ಮುಗಿಯುತ್ತಲೇ ದಾಟಿ ಹೋದವರು, ಹುಲ್ಲಿರುವವರೆಗೆ ಅಲ್ಲೇ. ಗಡ್ಡೆಗೂ ದಂಡೆಗೂ ನಡುವೆ ಮೊಣಕಾಲುದ್ದ ನೀರಿನ ಹಾದಿ. ಅದು ಮುಳುಗುವ ಮೊದಲು ಬರಬೇಕು.

ನಾನು ಪರಿಚಯದವರ ಜೀಪಿನಲ್ಲಿ ಹೊಳೆ ಮುಟ್ಟಿದಾಗ ಬಿಸಿಲು ಇನ್ನೂ ಇತ್ತು. ಸೈರನ್ ಒಂದೇ ಸಮ ಕೂಗುತ್ತಿತ್ತು. ಮಲ್ಲಪ್ಪ ಕಂಪ್ಯೂಟರಿನ ಗೊಡವೆಗೇ ಹೋಗದೆ ಸೈರನ್ನಿನ ತಂತಿಯನ್ನು ನೇರ ಬ್ಯಾಟರಿಗೆ ಕಟ್ಟಿದ್ದ. ಆದರೆ ಹಾದಿ ಆಗಲೇ ಮುಳುಗಿತ್ತು. ಕೆಂಪು ನೀರು ಮರದ ಕೊಂಬೆಗಳನ್ನು ಹೊತ್ತು, ಸದ್ದಿಲ್ಲದೆ, ಭಾರವಾಗಿ ಹೋಗುತ್ತಿತ್ತು. ಆಚೆ ಗಡ್ಡೆಯ ಎತ್ತರದ ಬಂಡೆಯ ಮೇಲೆ ಇಬ್ಬರು ನಿಂತಿದ್ದರು. ಸುತ್ತ ಕುರಿಗಳು ಒಂದರ ಮೈಗೆ ಒಂದು ಒತ್ತಿಕೊಂಡಿದ್ದವು. ಲಕ್ಷ್ಮವ್ವ ಕಂಬಳಿ ಬೀಸುತ್ತಿದ್ದಳು. ಬೀಸಿ ಬೀಸಿ ದಣಿದು ಕೈ ಇಳಿಸಿ, ಮತ್ತೆ ಬೀಸುತ್ತಿದ್ದಳು.

ಮೀನುಗಾರರು ಹರಗೋಲು ಇಳಿಸಿ ನೋಡಿದರು. ಅದು ತಿರುಗಿ ತಿರುಗಿ ಕೆಳಗೆ ಹೋಯಿತು. ಅವರೇ ಬದುಕಿ ದಂಡೆ ಹತ್ತಿದ್ದು ದೊಡ್ಡದು. ಮಲ್ಲಪ್ಪ ನೀರಿಗಿಳಿಯಲು ಹೋದ. ನಾಲ್ಕು ಜನ ಹಿಡಿದುಕೊಂಡರು.

“ಬಿಡ್ರಲೇ! ನನ್ನ ಕೂಗು ಅದು! ನಾ ಕೂಗಿಸಬೇಕಿತ್ತು!”

“ಏನ್ ಹುಚ್ಚ ಅದೀಯೇನ್ಲೇ? ನೀ ಹೋದ್ರ ಮೂರು ಹೆಣ ಆಕ್ಕಾವ,” ಎಂದು ಒಬ್ಬ ಮುದುಕ ಅವನ ಕೊರಳಪಟ್ಟಿ ಹಿಡಿದು ಕೆಳಗೆ ಕೂರಿಸಿದ.

ಆ ರಾತ್ರಿಯನ್ನು ನಾನು ಬರೆಯುವುದಿಲ್ಲ. ರಕ್ಷಣಾ ದಳದವರು ಬಂದರು. ಬೆಳಕಾಗುತ್ತಲೇ ಅವರ ಮೋಟಾರು ದೋಣಿ ಆಚೆ ಹೋಯಿತು. ಇಬ್ಬರನ್ನೂ ತಂದರು. ಬಂಡೆಯ ನೆತ್ತಿಯ ಮೇಲೆ ಹಿಡಿದಷ್ಟು ಕುರಿಗಳು ಉಳಿದಿದ್ದವು. ಮಿಕ್ಕವು ಹೋಗಿದ್ದವು. ಬೀರಪ್ಪನ ಎದೆಗೆ ಒಂದು ಮರಿ ಒತ್ತಿಕೊಂಡಿತ್ತು; ದೋಣಿಯಿಂದಿಳಿದ ಮೇಲೂ ಅವನು ಅದನ್ನು ಕೆಳಗೆ ಬಿಡಲಿಲ್ಲ.

ಮಲ್ಲಪ್ಪನನ್ನು ನೋಡಿ ಅವನು ಹೇಳಿದ್ದು ಒಂದೇ ಮಾತು. “ನಿಮ್ಮ ಕೂಗು ಬರಲಿಲ್ಲಲೋ.”

ಬೈದಿದ್ದರೆ ಚೆನ್ನಾಗಿತ್ತು. ಅವನು ಬೈಯಲಿಲ್ಲ, ಸುಮ್ಮನೆ ಸುದ್ದಿ ಹೇಳುವಂತೆ ಹೇಳಿದ. ಉಳಿದದ್ದನ್ನು ಲಕ್ಷ್ಮವ್ವ, ನನ್ನ ಕೈಯಿಂದ ಚಹಾ ತೆಗೆದುಕೊಳ್ಳುತ್ತ ಹೇಳಿದಳು.

“ಡಂಗುರ ಕೇಳಿತ್ತು ಯವ್ವಾ. ನಾ ಅಂದೆ, ನಡೀರಿ ಹೋಗೂಣು ಅಂತ. ಇಂವ ಅಂದ, ತಡಿ, ನಮ್ಮ ಹುಡುಗನ ಕೂಗು ಬರಲಿ, ಅದು ಸುಳ್ಳ ಹೇಳಂಗಿಲ್ಲ ಅಂತ. ಕುಂತ್ವಿ.”

ನಮ್ಮ ಕೂಗು ಇಲ್ಲದಿದ್ದರೆ ಅವರು ಡಂಗುರ ಕೇಳಿದ ಕೂಡಲೇ ದಾಟಿ ಬರುತ್ತಿದ್ದರು. ನಾವಿದ್ದೇವೆಂದೇ ಅಲ್ಲಿ ಕುಳಿತರು. ಈ ಮಾತು ನನ್ನ ಎದೆಯಲ್ಲಿ ಆವತ್ತಿನಿಂದ ಕೂತಿದೆ. ಮುಳುಗುವ ಹಾದಿಯ ಪಕ್ಕದಲ್ಲಿ ಅವರು ಕಿವಿ ಕೊಟ್ಟು ಕಾಯುತ್ತಿದ್ದಾಗ ನಾನು ಕಡುಬು ತಿನ್ನುತ್ತಿದ್ದೆ.

ಅದಾದ ಮೇಲೆ ನನ್ನ ನಿದ್ದೆ ಹಾರಿಹೋಯಿತು. ಮಲಗಿದ ಸ್ವಲ್ಪ ಹೊತ್ತಿಗೆ ಎಚ್ಚರವಾಗುತ್ತಿತ್ತು, ಕೈ ಫೋನು ಹುಡುಕುತ್ತಿತ್ತು. ಗೆರೆ ನಡುಗುತ್ತಿದೆಯೇ ಎಂದು ನೋಡುವುದು. ನಡುಗುತ್ತಿದ್ದರೆ ಜೀವ ಇದೆ ಎಂದು. ಮತ್ತೆ ಮಲಗುವುದು, ಮತ್ತೆ ನೋಡುವುದು.

ನಾವು ಮೂವರು ಮತ್ತೆ ಸೇರಿದ್ದು ಶ್ರಾವಣ ಅರ್ಧ ಕಳೆದ ಮೇಲೆ. ಮಲ್ಲಪ್ಪ ಬಂದವನೇ ಪೆನ್ ಡ್ರೈವ್ ಮೇಜಿನ ಮೇಲೆ ಒಗೆದ.

“ಟೀಚರ್, ನಿಮ್ಮದಾ ಹಾಕ್ರಿ. ನಂದು ಬ್ಯಾಡ. ಅದರ ಹೆಸರೂ ನನ್ನ ಮುಂದ ಎತ್ತಬ್ಯಾಡ್ರಿ.”

ನಾನು ಅವನ ಮಾತಿಗೆ ತಲೆಯಾಡಿಸಿದೆ. ಸುಜಾತಾ ಟೀಚರು ಒಪ್ಪಲಿಲ್ಲ.

“ನಂದು ಹಾಕಿದ್ರ ನಿನ್ನ ಹೊಸ ಮೋಡೆಮ್ ನಡ್ಯಂಗಿಲ್ಲ. ಅದಕ್ಕ ಬೇಕಾದದ್ದು ನನ್ನ ಡಿಸ್ಟ್ರೋಕ್ಕ ಬರಾಕ ಇನ್ನಾ ಎರಡು ವರ್ಷ ಬೇಕು. ಆಮ್ಯಾಲ ಕೇಳಿಲ್ಲಿ. ಬ್ಯಾಸಿಗ್ಯಾಗ ಮಾನವಿ ಸೆನ್ಸರ್ ಬದಲು ಮಾಡಿದ್ವಿ, ನೆನಪದಲ್ಲ? ಅದು ನನ್ನ ಹಳೇ ಲಿನಕ್ಸಿಗೆ ತಿಳೀಲೇ ಇಲ್ಲ. ಎರಡು ತಿಂಗಳ ದಿನಾ ದಂಡಿಗೆ ಹೋಗಿ, ಕಂಬದ ಮ್ಯಾಲಿನ ಗುರುತು ನೋಡಿ ಕೈಲೇ ಅಂಕಿ ಹಾಕೀನಿ. ನಿನ್ನ ಕಡಿ ಅದರ ಪರಿಹಾರ ಇತ್ತು. ನಿಮ್ಮವರು ಎಲ್ಲಾ ಬರೆದಿಟ್ಟಾರ, ಎಷ್ಟು ಚಂದ ಬರೆದಿಟ್ಟಾರ. ನಾ ನಿನ್ನ ಕೇಳಲಿಲ್ಲ. ಯಾಕ? ಬಿಸಿ ರೊಟ್ಟಿ ಅಂತ ನಕ್ಕೋತ ಕುಂತಿದ್ದೆ.”

ಮಲ್ಲಪ್ಪ ತಲೆಯೆತ್ತಲಿಲ್ಲ. “ಎರಡು ತಿಂಗಳ?” ಎಂದ ಮೆಲ್ಲಗೆ. “ಹೇಳಬಾರದೇನ್ರೀ? ಐದು ನಿಮಿಷದ ಕೆಲಸ.”

“ಹೇಳಿದ್ರ ನೀ ಹಲ್ಲು ತಿಕ್ಕೂದು ತಗೀತಿದ್ದಿ.”

ಅವನು ನಕ್ಕ. ಆ ಮೇಲೆ ಅತ್ತ. ನಮ್ಮ ಮುಂದೆ ಅವನು ಅತ್ತದ್ದು ಅದೊಂದೇ ಸಲ.

ನನ್ನ ಸರದಿ ಬಂದಾಗ ಹೇಳಲು ಇದ್ದದ್ದು ಅದಕ್ಕಿಂತ ಕೆಟ್ಟದು. ನನ್ನ ಡಿಸ್ಟ್ರೋದ ಹೆಪ್ಪು ಅವನ ಯಂತ್ರದಲ್ಲೂ ಇದ್ದಿದ್ದರೆ ಆವತ್ತು ಕೆಟ್ಟದ್ದು ಕಂಡೊಡನೆ ಹಿಂದಿನ ಸ್ಥಿತಿಗೆ ಮರಳಬಹುದಿತ್ತು. ಅದನ್ನು ಅಲ್ಲಿಯೂ ಕೂರಿಸಲು ಯಾವ ಅಡ್ಡಿಯೂ ಇರಲಿಲ್ಲ. ಲಿನಕ್ಸ್ ಲೋಕದಲ್ಲಿ ಯಾರ ಬಳಿ ಏನಿದೆಯೋ ಎಲ್ಲ ಬಾಗಿಲು ತೆರೆದೇ ಇಟ್ಟಿರುತ್ತಾರೆ, ಬೇಕಾದವರು ಒಯ್ಯಬಹುದು. ಕೊಡುವವರಿಗೆ ಜಿಪುಣತನವಿಲ್ಲ. ಕೇಳುವವರಿಗೆ ಬಿಗುಮಾನ. ಒಂದು ಗುಂಪು ವರ್ಷಗಳಿಂದ ಬಗೆಹರಿಸಿಟ್ಟ ತೊಡಕಿಗೆ ಇನ್ನೊಂದು ಗುಂಪು ಇವತ್ತೂ ತಲೆ ಚಚ್ಚಿಕೊಳ್ಳುತ್ತಿರುತ್ತದೆ, ನೆರೆಮನೆಯ ಹೊಸ್ತಿಲು ತುಳಿಯುವುದಿಲ್ಲ. ನಾನು ‘ಅವರವರ ಮನೆದೇವರು’ ಎಂದು ಆ ಬಿಗುಮಾನಕ್ಕೆ ಒಂದು ಮರ್ಯಾದೆಯ ಹೆಸರು ಕೊಟ್ಟಿದ್ದೆ.

ಆ ಸಂಜೆ ಇನ್ನೊಂದು ಮಾತೂ ಹೊಳೆಯಿತು. ಟೀಚರ ಕಟಕ ರೊಟ್ಟಿ ಗಟ್ಟಿಯಾಗಿರುವುದು ಬರೀ ಅವರ ಡಿಸ್ಟ್ರೋದವರ ತಾಳ್ಮೆಯಿಂದಲ್ಲ. ಬಿಸಿ ರೊಟ್ಟಿಗೆ ಮೊದಲು ಕೈ ಹಾಕಿ ನಾಲಿಗೆ ಸುಟ್ಟುಕೊಂಡವರು ‘ಇಲ್ಲಿ ಸುಡುತ್ತದೆ’ ಎಂದು ಬರೆದಿಡುತ್ತಾರೆ. ಅದನ್ನು ಓದಿ ಉಳಿದವರು ಆರಲು ಬಿಟ್ಟು ತಿನ್ನುತ್ತಾರೆ. ಮಲ್ಲಪ್ಪನಂಥವರು ಇಲ್ಲದಿದ್ದರೆ ಸುಜಾತಾ ಟೀಚರಂಥವರು ನಿಶ್ಚಿಂತೆಯಿಂದಿರಲು ಆಗುವುದಿಲ್ಲ. ಆದರೆ ನಾಲಿಗೆ ಸುಟ್ಟುಕೊಳ್ಳುವ ಕೆಲಸವನ್ನು ನಾವು ಇಟ್ಟದ್ದು ಎಲ್ಲಿ? ಜೀವಗಳು ಕಾಯುತ್ತಿದ್ದ ದಂಡೆಯಲ್ಲಿ. ಅದನ್ನು ನನ್ನ ಕೋಣೆಯಲ್ಲಿ ಇಡಬಹುದಿತ್ತು. ಇಲ್ಲಿ ಕೆಟ್ಟರೆ ನನ್ನ ಒಂದು ದಿನ ಹೋಗುತ್ತಿತ್ತು, ಅಷ್ಟೇ.

ಈಗ ಹಾಗೇ ಮಾಡಿದ್ದೇವೆ. ಮಲ್ಲಪ್ಪನ ಯಂತ್ರದಂಥದೇ ಇನ್ನೊಂದು ನನ್ನ ಮೇಜಿನ ಮೇಲಿದೆ. ಹೊಸದೆಲ್ಲ ಮೊದಲು ಅದಕ್ಕೆ. ವಾರಗಟ್ಟಲೆ ನೋಡಿದ ಮೇಲೆ ದಂಡೆಗೆ. ಮೂರೂ ಕಡೆ ಹೆಪ್ಪು ಇದೆ. ಅಡಾಪ್ಟರ್ ಬದಲಿಸುವುದು ಹೇಗೆ, ಸೈರನ್ನಿಗೆ ನೇರ ತಂತಿ ಕಟ್ಟುವುದು ಹೇಗೆ ಎಂದು ಮಲ್ಲಪ್ಪ ಕನ್ನಡದಲ್ಲಿ ಬರೆದು ಮೂರೂ ಗೋಡೆಗೆ ಅಂಟಿಸಿದ್ದಾನೆ. ಗೆರೆ ನೆಟ್ಟಗಾದರೆ ಅದೇ ಒಂದು ಅಪಾಯವೆಂದು ಯಂತ್ರ ಕಿರುಚುತ್ತದೆ, ಯಾವ ಹಬ್ಬವಿದ್ದರೂ. ಅಮಾವಾಸ್ಯೆಗೆ ಈಗಲೂ ಕಾಯಿ ಒಡೆಯುತ್ತೇನೆ. ಕೀಬೋರ್ಡ್ ಮುಟ್ಟುವುದಿಲ್ಲ.

ಇಷ್ಟೆಲ್ಲ ಆದರೂ ನಿದ್ದೆ ಬರಲಿಲ್ಲ. ಚಳಿಗಾಲ ಹೋಯಿತು, ರಾಯಚೂರಿನ ಬೇಸಿಗೆ ಬಂದು ಎಲ್ಲರ ನಿದ್ದೆಯನ್ನೂ ಕೆಡಿಸಿತು. ಮೊನ್ನೆಯ ಅಮಾವಾಸ್ಯೆಗೆ ಮೊಬೈಲ್ ಅಂಗಡಿಯಿಂದ ಹೊರಬಿದ್ದ ರಾತ್ರಿಯೂ ಕಣ್ಣು ಹತ್ತಲಿಲ್ಲ. ಬೀರಪ್ಪ ಉಳಿದ ಕುರಿಗಳೊಂದಿಗೆ ಮತ್ತೆ ಗಡ್ಡೆಗೆ ಹೋಗಿದ್ದಾನೆಂದು ಮಲ್ಲಪ್ಪ ಹೇಳಿದ್ದ. ಬೇರೆ ಹುಲ್ಲು ಎಲ್ಲಿದೆ ಅವನಿಗೆ?

ಅದಾಗಿ ವಾರವೂ ಕಳೆದಿಲ್ಲ, ಮೇಲೆ ಗೇಟು ತೆರೆಯುವ ಸುದ್ದಿ ಮತ್ತೆ ಬಂತು. ಸಂಜೆ, ಎದೆ ಗಟ್ಟಿ ಮಾಡಿಕೊಂಡು ಬೀರಪ್ಪನ ಫೋನಿಗೆ ಕರೆ ಮಾಡಿದೆ. ಗಡ್ಡೆಯಲ್ಲಿ ನೆಟ್‌ವರ್ಕ್ ಇಲ್ಲ, ಹತ್ತಲಾರದು ಎಂದುಕೊಂಡಿದ್ದೆ. ಹತ್ತಿತು.

“ಯಾರು? ರಾಯಚೂರು ಅಕ್ಕಾರೇನು? ಹೇಳವ್ವಾ.”

“ಕಾಕಾ, ಎಲ್ಲಿದ್ದೀರಿ?”

“ಅರಕೇರಾದಾಗ. ಮನ್ಯಾಗ. ಡಂಗುರ ಕೇಳಿದ ಕೂಡ್ಲೇ ದಾಟಿ ಬಂದ್ವಿ.”

“ಕೂಗು ಇನ್ನೂ ಬಂದಿಲ್ಲವಲ್ಲ...” ಯಾಕೆ ಹಾಗಂದೆನೋ.

ಅವನ ಹಿಂದೆ ಕುರಿಯೊಂದು ಕೆಮ್ಮಿದ ಸದ್ದು ಕೇಳಿತು.

“ಸಿಟ್ಟಾಗಬ್ಯಾಡ ಯವ್ವಾ. ನಿಮ್ಮ ಕೂಗಿನ ಹಾದಿ ನೋಡೂದು ಬಿಟ್ಟೀವಿ. ಬಂತಂದ್ರ ಚಲೋ ಆತು. ಬರಲಿಲ್ಲಂದ್ರೂ ನಾವು ಅಲ್ಲಿ ಇರಂಗಿಲ್ಲ.”

“ಸಿಟ್ಟಿಲ್ಲ ಕಾಕಾ.”

“ಉಂಡು ಮಲಗು ಹಂಗಾರ.”

ಫೋನ್ ಇಟ್ಟೆ. ಹಾಸಿಗೆಗೆ ಒರಗಿದ್ದು ಗೊತ್ತು, ಆಮೇಲಿನದು ಗೊತ್ತಿಲ್ಲ. ಕಣ್ಣು ಬಿಟ್ಟಾಗ ಕಿಟಕಿಯಲ್ಲಿ ಬಿಸಿಲಿತ್ತು, ಕೆಳಗೆ ಹಾಲಿನವನು ಗಂಟೆ ಬಾರಿಸುತ್ತಿದ್ದ. ಫೋನಿನ ತುಂಬ ಮಲ್ಲಪ್ಪನ ಮತ್ತು ಟೀಚರ ಕರೆಗಳು. ಪರದೆಯ ಮೇಲೆ ದೇವದುರ್ಗದ ಗೆರೆ ಗರಗಸದ ಹಲ್ಲಿನಂತೆ ನಡುಗುತ್ತ ನಡುಗುತ್ತ ಗುರುತು ದಾಟಿ ಮೇಲೆ ಹೋಗಿತ್ತು. ಕೆಳಗೆ ಮಲ್ಲಪ್ಪನ ಸಂದೇಶ: “ಕೂಗಿತು ಅಕ್ಕಾರ. ಗಡ್ಡ್ಯಾಗ ಯಾರೂ ಇದ್ದಿಲ್ಲ.”

ಆ ಕರೆಗಳೊಂದನ್ನೂ ನಾನು ಕೇಳಿಸಿಕೊಂಡಿರಲಿಲ್ಲ. ಬೆಳಗಿನ ತನಕ ಮಲಗಿದ್ದೆ.